ಅಮ್ಮನ ಮಾತ್ರೆ ಡಬ್ಬಿ

ಕಳೆದ ದಸರಾ ರಜೆಗೆ ಮೈಸೂರಿಗೆ ಹೋಗಿದ್ದಾಗ, ಬೆಳಗಿನ ತಿಂಡಿ ಮುಗಿಸಿದ ಅಮ್ಮ ಹಳೆಯ ಸ್ಟೀಲಿನ ಮಸಾಲೆ ಡಬ್ಬಿಯೊಂದನ್ನು ಮುಂದಿಟ್ಟುಕೊಂಡು, ಸಾಸಿವೆ ಜೀರಿಗೆ ಇರಬೇಕಾದ ಬಟ್ಟಲುಗಳಿಂದ ಒಂದೊಂದೇ ಮಾತ್ರೆಯನ್ನು ಆರಿಸಿ ಅಂಗೈಗೆ ಹಾಕಿಕೊಂಡು, ಎಲ್ಲವನ್ನೂ ಬಿಸಿ ಕಾಫಿಯ ಜೊತೆ ನುಂಗಿದ್ದನ್ನು ಕಂಡೆ. ಒಟ್ಟು ಆರು ಮಾತ್ರೆಗಳಿದ್ದವು. ಸಕ್ಕರೆ ಕಾಯಿಲೆಗೆಂದು ವೈದ್ಯರು ಬರೆದುಕೊಟ್ಟಿದ್ದ ಮೆಟ್‌ಫಾರ್ಮಿನ್ ಬಿಟ್ಟರೆ ಉಳಿದ ಐದೂ ಪೂರಕಗಳು: ಕಬ್ಬಿಣಾಂಶದ ಮಾತ್ರೆ, ಕ್ಯಾಲ್ಸಿಯಂ, ಮಲ್ಟಿವಿಟಮಿನ್, ಕೂದಲಿಗೆಂದು ಬಯೋಟಿನ್, ಮಂಡಿನೋವಿಗೆಂದು ಅರಿಶಿನದ ಸಾರದ ಕ್ಯಾಪ್ಸೂಲ್. ಒಂದನ್ನು ಔಷಧಿ ಅಂಗಡಿಯವರು ಕೊಟ್ಟಿದ್ದರು, ಒಂದನ್ನು ಪಕ್ಕದ ಮನೆಯವರು ಹೇಳಿದ್ದರು, ಮತ್ತೊಂದನ್ನು ಅತ್ತಿಗೆ ಪ್ರೀತಿಯಿಂದ ತಂದುಕೊಟ್ಟಿದ್ದರು. ಇಷ್ಟೆಲ್ಲ ನುಂಗುತ್ತಿದ್ದ ಅಮ್ಮನೇ ಆ ಸಂಜೆ, “ಅಂಗಾಲು ಸದಾ ಜುಮುಜುಮು ಅನ್ನುತ್ತೆ ಕಣೋ, ಚಪ್ಪಲಿ ಕಾಲಿಂದ ಜಾರಿಹೋದರೂ ಗೊತ್ತಾಗಲ್ಲ” ಎಂದರು.

ಸಕ್ಕರೆ ಕಾಯಿಲೆಯವರಿಗೆ ಕಾಲು ಜೋಮು ಹಿಡಿಯುವುದು ಸಾಮಾನ್ಯವೆಂದು ನಾವೆಲ್ಲರೂ ಅದನ್ನು ಎರಡು ವರ್ಷ ಕಡೆಗಣಿಸಿದ್ದೆವು. ಈ ಬಾರಿ ರಕ್ತಪರೀಕ್ಷೆ ಮಾಡಿಸಿದಾಗ ವಿಟಮಿನ್ ಬಿ12 ತೀರ ಕೆಳಗಿಳಿದಿತ್ತು. ಹಿಮೋಗ್ಲೋಬಿನ್ ಮಾತ್ರ ಸರಿಯಾಗಿಯೇ ಇತ್ತು, ಅದನ್ನು ನೋಡಿಯೇ ನಾವು ನಿಶ್ಚಿಂತರಾಗಿದ್ದೆವು. ಕಬ್ಬಿಣಾಂಶದ ಮಾತ್ರೆಗಳಲ್ಲಿ ಸಾಮಾನ್ಯವಾಗಿ ಫೋಲಿಕ್ ಆಮ್ಲವನ್ನೂ ಸೇರಿಸಿರುತ್ತಾರೆ. ಅದು ಬಿ12 ಕೊರತೆಯಿಂದ ಬರುವ ರಕ್ತಹೀನತೆಯನ್ನು ಸರಿಪಡಿಸಿಬಿಡಬಲ್ಲದು, ಆದರೆ ನರಗಳಿಗೆ ಆಗುವ ಹಾನಿಯನ್ನು ತಡೆಯಲಾರದು. ಒಳ್ಳೆಯದಕ್ಕೆಂದು ನುಂಗಿದ ಒಂದು ಮಾತ್ರೆ ಮತ್ತೊಂದರ ಕೊರತೆಯನ್ನು ಕಣ್ಣಿಗೆ ಬೀಳದಂತೆ ಮುಚ್ಚಿಟ್ಟಿರಬಹುದು ಎಂದು ವೈದ್ಯರು ವಿವರಿಸಿದಾಗ ನನಗೆ ನಿಜಕ್ಕೂ ಭಯವಾಯಿತು, ಏಕೆಂದರೆ ತಡವಾದರೆ ನರಗಳು ಪೂರ್ತಿಯಾಗಿ ಚೇತರಿಸಿಕೊಳ್ಳುವುದಿಲ್ಲ.

ಮಲ್ಟಿವಿಟಮಿನ್‌ನಲ್ಲಿ ಬಿ12 ಇರಲಿಲ್ಲವೇ ಎಂದು ಕೇಳಿದೆ. ಇತ್ತು, 1 ಮೈಕ್ರೋಗ್ರಾಂ. ಆರೋಗ್ಯವಂತರಿಗೆ ದಿನಕ್ಕೆ ಬೇಕಾಗುವುದು ಸುಮಾರು 2 ಮೈಕ್ರೋಗ್ರಾಂ ಮಾತ್ರವಾದರೂ, ಅಮ್ಮನಂತಹ ಸಸ್ಯಾಹಾರಿಗಳಿಗೆ ಅದು ಸಿಗುವುದು ಮುಖ್ಯವಾಗಿ ಹಾಲು ಮೊಸರಿನಿಂದ. ಸೊಪ್ಪು, ಬೇಳೆ, ಧಾನ್ಯಗಳಲ್ಲಿ ಅದು ಇಲ್ಲ. ಜಠರದಲ್ಲಿ ಸ್ರವಿಸುವ ಒಂದು ಪ್ರೋಟೀನು ಬಿ12ನ್ನು ಹಿಡಿದು ಸಣ್ಣ ಕರುಳಿನ ಕೊನೆಯ ಭಾಗದವರೆಗೆ ಒಯ್ದರೆ ಮಾತ್ರ ಅದು ರಕ್ತಕ್ಕೆ ಸರಿಯಾಗಿ ಸೇರುತ್ತದೆ. ವರ್ಷಗಟ್ಟಲೆ ತೆಗೆದುಕೊಂಡ ಮೆಟ್‌ಫಾರ್ಮಿನ್ ಹೀರಿಕೆಯ ಈ ಹಂತಕ್ಕೇ ಅಡ್ಡಿಯಾಗುತ್ತದೆ, ಎದೆಯುರಿಗೆಂದು ದೀರ್ಘಕಾಲ ನುಂಗುವ ಆಮ್ಲ ತಗ್ಗಿಸುವ ಮಾತ್ರೆಗಳು ಇನ್ನೊಂದು ಬಗೆಯಲ್ಲಿ ಅಡ್ಡಿಯಾಗುತ್ತವೆ. ಪ್ರೋಟೀನಿನ ನೆರವಿಲ್ಲದೆ ತಾನಾಗಿ ಒಳಗೆ ನುಸುಳುವುದು ನೂರಕ್ಕೆ ಸುಮಾರು ಒಂದು ಪಾಲು ಮಾತ್ರ. ಆದ್ದರಿಂದಲೇ ವೈದ್ಯರು ಮೊದಲು ಕೆಲವು ಚುಚ್ಚುಮದ್ದು ಕೊಟ್ಟು, ನಂತರ ದಿನಕ್ಕೊಂದರಂತೆ 1500 ಮೈಕ್ರೋಗ್ರಾಂನ ಮಾತ್ರೆ ಬರೆದರು. ಎಷ್ಟು ಕಡಿಮೆಯಾಗಿದೆ, ಏಕೆ ಕಡಿಮೆಯಾಗಿದೆ ಎಂಬುದನ್ನು ತಿಳಿಯದೆ “ಇರಲಿ, ಒಂದು ಶಕ್ತಿ ಮಾತ್ರೆ” ಎಂದು ನುಂಗುವುದಕ್ಕೆ ನಾನು ಅಂದಿನಿಂದ ಸಂಪೂರ್ಣ ವಿರೋಧಿ. ಕೊರತೆ ಗೊತ್ತಾದ ಮೇಲೆ ಮಾತ್ರೆ ಬೇಡವೆನ್ನುವುದಕ್ಕೂ ಅಷ್ಟೇ ವಿರೋಧಿ.

ಕಬ್ಬಿಣಾಂಶದ ವಿಷಯವೂ ಇಂಥದ್ದೇ. ಕಾಫಿ ಮತ್ತು ಚಹಾದಲ್ಲಿರುವ ಒಗರಿನ ಅಂಶ ಕಬ್ಬಿಣವನ್ನು ಕರುಳು ಹೀರಿಕೊಳ್ಳದಂತೆ ಕಟ್ಟಿಹಾಕುತ್ತದೆ, ಕ್ಯಾಲ್ಸಿಯಂ ಕೂಡ ಅದಕ್ಕೆ ಅಡ್ಡಬರುತ್ತದೆ. ಅಮ್ಮ ಎರಡನ್ನೂ ಒಂದೇ ಗುಟುಕಿನಲ್ಲಿ ಅದರ ಜೊತೆಗೇ ಇಳಿಸುತ್ತಿದ್ದರು. ಪರೀಕ್ಷೆಯಲ್ಲಿ ಅವರ ಕಬ್ಬಿಣದ ಸಂಗ್ರಹ ಸಾಕಷ್ಟು ಇದ್ದುದರಿಂದ ಆ ಮಾತ್ರೆಯೇ ನಿಂತುಹೋಯಿತು. ಆದರೆ ನಿಜವಾಗಿಯೂ ರಕ್ತ ಕಡಿಮೆಯಿರುವ ನನ್ನ ತಂಗಿ ಈಗ ಅದನ್ನು ಬೆಳಗ್ಗೆ ಹನ್ನೊಂದಕ್ಕೆ, ಕಾಫಿಯಿಂದ ದೂರದಲ್ಲಿ, ಒಂದು ಲೋಟ ನಿಂಬೆ ಪಾನಕದ ಜೊತೆ ತೆಗೆದುಕೊಳ್ಳುತ್ತಾಳೆ. ನಿಂಬೆಯ ವಿಟಮಿನ್ ಸಿ ಹೀರಿಕೆಗೆ ನೆರವಾಗುತ್ತದೆ. ಥೈರಾಯ್ಡ್ ಮಾತ್ರೆ ತೆಗೆದುಕೊಳ್ಳುವವರು ಕಬ್ಬಿಣ, ಕ್ಯಾಲ್ಸಿಯಂ ಎರಡನ್ನೂ ಅದರಿಂದ ನಾಲ್ಕು ಗಂಟೆಯಾದರೂ ದೂರವಿಡಬೇಕು. ಹೆಚ್ಚಿನ ಪ್ರಮಾಣದ ಬಯೋಟಿನ್ ಥೈರಾಯ್ಡ್ ಪರೀಕ್ಷೆಯ ಫಲಿತಾಂಶವನ್ನೇ ತಪ್ಪಾಗಿ ತೋರಿಸಬಲ್ಲದು, ರಕ್ತ ಕೊಡುವ ಮೊದಲು ವೈದ್ಯರಿಗೆ ಅದನ್ನು ಹೇಳಲೇಬೇಕು.

ಕ್ಯಾಲ್ಸಿಯಂ ಮಾತ್ರೆಯ ಬಗ್ಗೆ ವೈದ್ಯರು ಅಮ್ಮನ ಊಟವನ್ನು ಕೇಳಿದರು. 100 ಗ್ರಾಂ ರಾಗಿ ಹಿಟ್ಟಿನಲ್ಲಿ ಸುಮಾರು 350 ಮಿಲಿಗ್ರಾಂ, ಅರ್ಧ ಲೀಟರ್ ಹಾಲು ಮೊಸರಿನಲ್ಲಿ ಸುಮಾರು 600 ಮಿಲಿಗ್ರಾಂ ಕ್ಯಾಲ್ಸಿಯಂ ಇರುತ್ತದೆ. ರಾಗಿಯಲ್ಲಿರುವುದೆಲ್ಲ ದೇಹಕ್ಕೆ ದಕ್ಕುವುದಿಲ್ಲ, ನಿಜ. ಆದರೂ ಮಧ್ಯಾಹ್ನ ಮುದ್ದೆ, ರಾತ್ರಿ ಮಜ್ಜಿಗೆ ಅನ್ನ ಉಣ್ಣುವ ಅಮ್ಮನಿಗೆ ಮಾತ್ರೆಯ ಪ್ರಮಾಣವನ್ನು ಅರ್ಧಕ್ಕೆ ಇಳಿಸಬಹುದೆಂದು ಅವರು ಹೇಳಿದರು. ಅರಿಶಿನದ ಕ್ಯಾಪ್ಸೂಲನ್ನು ಒಡನೆಯೇ ನಿಲ್ಲಿಸಿದರು. ಸಾರಿಗೆ ಹಾಕುವ ಚಿಟಿಕೆ ಅರಿಶಿನವೇ ಬೇರೆ, ಹೀರಿಕೆ ಹೆಚ್ಚಿಸಲು ಮೆಣಸಿನ ಸಾರ ಬೆರೆಸಿದ ಗಾಢ ಕ್ಯಾಪ್ಸೂಲೇ ಬೇರೆ. ಎರಡನೆಯದರಿಂದ ಕೆಲವರ ಯಕೃತ್ತಿಗೆ ಪೆಟ್ಟು ಬಿದ್ದದ್ದು ದಾಖಲಾಗಿದೆ.

ಹೊಸದಾಗಿ ಸೇರಿದ್ದು ವಿಟಮಿನ್ ಡಿ ಪುಡಿಯ ಪೊಟ್ಟಣ. ಒಂದರಲ್ಲಿ 60,000 ಯೂನಿಟ್. ನಮ್ಮ ದೇಶದ ಶಿಫಾರಸಿನಂತೆ ವಯಸ್ಕರಿಗೆ ದಿನಕ್ಕೆ ಬೇಕಾದದ್ದು 600 ಯೂನಿಟ್, ಅಂದರೆ ಒಂದು ಪೊಟ್ಟಣ ನೂರು ದಿನಗಳ ಪಾಲು. ವಾರಕ್ಕೊಂದರಂತೆ ಎಂಟು ವಾರ ಎಂದು ಚೀಟಿಯಲ್ಲಿ ಸ್ಪಷ್ಟವಾಗಿ ಬರೆದಿದ್ದರು. ಇದನ್ನು ದಿನಕ್ಕೊಂದು ಎಂದು ತಿಳಿದು ತಿಂಗಳುಗಟ್ಟಲೆ ಕುಡಿದ ನಮ್ಮ ಬಂಧುವೊಬ್ಬರು ವಾಂತಿ, ತೀರದ ಬಾಯಾರಿಕೆ, ನಿತ್ರಾಣದಿಂದ ಆಸ್ಪತ್ರೆ ಸೇರಿದ್ದರು; ರಕ್ತದಲ್ಲಿ ಕ್ಯಾಲ್ಸಿಯಂ ಏರಿ ಮೂತ್ರಪಿಂಡಗಳಿಗೆ ತೊಂದರೆಯಾಗಿತ್ತು. ಎ, ಡಿ, ಇ, ಕೆ ವಿಟಮಿನ್‌ಗಳು ಕೊಬ್ಬಿನಲ್ಲಿ ಕರಗುವಂಥವು, ಬಿ ಗುಂಪಿನವುಗಳಂತೆ ಹೆಚ್ಚಾದದ್ದು ಸುಲಭವಾಗಿ ಮೂತ್ರದಲ್ಲಿ ಹೊರಹೋಗುವುದಿಲ್ಲ. ಹೆಚ್ಚಾದರೆ ನಷ್ಟವೇನು ಎಂದು ಕೇಳುವವರಿಗೆ ನಾನು ಆ ಬಂಧುವಿನ ವಿಷಯವನ್ನೇ ಹೇಳುತ್ತೇನೆ.

ಮಸಾಲೆ ಡಬ್ಬಿಯಲ್ಲಿ ಈಗ ಮೂರು ಬಟ್ಟಲುಗಳಲ್ಲಿ ಮಾತ್ರ ಮಾತ್ರೆಗಳಿವೆ. ಭಾನುವಾರ ರಾತ್ರಿ ಅಮ್ಮ ಬೆಚ್ಚಗಿನ ಹಾಲಿಗೆ ಪೊಟ್ಟಣ ಬೆರೆಸಿ ಕುಡಿದು, ಗೋಡೆಯ ಕ್ಯಾಲೆಂಡರಿನಲ್ಲಿ ಆ ದಿನದ ಮೇಲೆ ಕುಂಕುಮದ ಬೊಟ್ಟು ಇಡುತ್ತಿದ್ದರು. ಎಂಟು ಬೊಟ್ಟುಗಳಾದ ಮೇಲೆ ಫೋನ್ ಮಾಡಿ, “ಮುಗೀತು ಕಣೋ, ಇನ್ನು ಪರೀಕ್ಷೆ ಮಾಡಿಸಿಯೇ ಮುಂದಿನದ್ದು” ಎಂದರು. ಅಂಗಾಲಿನ ಜುಮುಜುಮು ಬಹಳ ಕಡಿಮೆಯಾಗಿದೆ, ಎಡಗಾಲಿನ ಕಿರುಬೆರಳಿನಲ್ಲಿ ಮಾತ್ರ ಇನ್ನೂ ಉಳಿದಿದೆಯಂತೆ.