ಸಾವನ್ನು ತೆಗೆದ ಮೇಲೆ: ಕರಡಿ ಆಟದ ಆರನೆಯ ವಾರ

ನಾನು ಕಟ್ಟುತ್ತಿರುವ ವಿಡಿಯೋ ಆಟವಾದ ಕರಡಿ ಆಟದ ಮೂರನೆಯ ಹಂತ ಈ ವಾರ ಆಡಿಸಿ ನೋಡುವಷ್ಟರ ಮಟ್ಟಿಗೆ ಸಿದ್ಧವಾಯಿತು. ನನ್ನ ಮೊದಲ ಆಟದಲ್ಲಿ ಅಳಿಲಿನ ಎದುರಾಳಿಯಾಗಿದ್ದ ಕರಡಿಯನ್ನೇ ನಾಯಕನನ್ನಾಗಿಸಿ ಒಂದು ಕವಲು ಆಟ ಕಟ್ಟುವ ಆಸೆ ಹುಟ್ಟಿದ್ದು ನಿಂಟೆಂಡೊದ ಮಾರಿಯೋ ಆಟಗಳ ವಾರಿಯೋನನ್ನು ನೋಡಿ. 1992ರಲ್ಲಿ ಮಾರಿಯೋನ ಕೋಟೆಯನ್ನು ಕಬಳಿಸಿದ ಖಳನಾಗಿ, ಕೈಯಲ್ಲಿ ಹಿಡಿದು ಆಡುವ ಗೇಮ್ ಬಾಯ್‌ ಯಂತ್ರಕ್ಕೆ ಬಂದ ಅವನು 1994ರ 'ವಾರಿಯೋ ಲ್ಯಾಂಡ್'ನಲ್ಲಿ ನಾಯಕನಾದ. ಎಣಿಸಿಟ್ಟ ಜೀವಗಳು, ಕಾಲಮಿತಿ, ಪೆಟ್ಟು ತಿಂದರೆ ಕುಗ್ಗುವ ದೇಹ ಎಲ್ಲವೂ ಅಲ್ಲಿ ಮಾರಿಯೋನವೇ ಆಗಿದ್ದವು. 1998ರ ಎರಡನೆಯ ಆಟ ಸಾವನ್ನೇ ತೆಗೆದುಹಾಕಿತು. ಅಲ್ಲಿ ಪೆಟ್ಟು ಬಿದ್ದರೆ ಹೋಗುವುದು ನಾಣ್ಯ. ಮೈಗೆ ಬೆಂಕಿ ಹತ್ತಿದರೆ ವಾರಿಯೋ ಓಡತೊಡಗುತ್ತಾನೆ, ಕೊನೆಗೆ ಧಗಧಗನೆ ಉರಿಯುತ್ತ, ಬೇರೆ ಯಾವುದರಿಂದಲೂ ಒಡೆಯದ ಇಟ್ಟಿಗೆಗಳನ್ನು ಸುಟ್ಟು ದಾರಿ ಮಾಡಿಕೊಳ್ಳುತ್ತಾನೆ. ಅಪಾಯವನ್ನೇ ಕೀಲಿಕೈ ಮಾಡಿದ ಈ ಧೈರ್ಯವನ್ನು ನಾನು ಇಂದಿಗೂ ಬೆರಗಿನಿಂದ ನೋಡುತ್ತೇನೆ.

ನನ್ನ ಕರಡಿಗೂ ಸಾವಿಲ್ಲ. ಕೆಸರಿಗೆ ಬಿದ್ದರೆ ಅದರ ಮೈ ಭಾರವಾಗಿ ಜಿಗಿತ ನಿಲ್ಲುತ್ತದೆ, ಆದರೆ ಆ ಭಾರಕ್ಕೆ ಹಳೆಯ ಮರದ ಹಲಗೆಗಳು ಮುರಿದು ಕೆಳಗಿನ ದಾರಿ ತೆರೆಯುತ್ತದೆ. ಬಿಸಿಲಿಗೆ ಬಂದರೆ ಕೆಸರು ಒಣಗಿ ಉದುರುತ್ತದೆ. ಇಷ್ಟು ಚೆನ್ನಾಗಿಯೇ ನಡೆಯುತ್ತಿದೆ. ತೊಡಕು ಕಂಡದ್ದು ಅಕ್ಕನ ಮಗ ಆಡಲು ಕುಳಿತಾಗ. ಸಾಯುವುದಿಲ್ಲವೆಂದು ತಿಳಿದೊಡನೆ ಅವನು ಶತ್ರುಗಳ ನಡುವೆಯೇ ನೇರವಾಗಿ ನುಗ್ಗಿದ, ಪೆಟ್ಟು ಬಿದ್ದಾಗ ಕಳೆದುಹೋದ ಜೇನುಹನಿಗಳತ್ತ ತಿರುಗಿಯೂ ನೋಡಲಿಲ್ಲ. ಜೇನಿಗೆ ಬೆಲೆಯಿಲ್ಲದಿದ್ದರೆ ಅದನ್ನು ಕಳೆದುಕೊಳ್ಳುವ ನೋವೂ ಇರುವುದಿಲ್ಲ. ಆದ್ದರಿಂದ ಈಗ ಪೆಟ್ಟು ಬಿದ್ದ ಕರಡಿ ಉರುಳಿ ಕೆಳಗಿನ ಅಂತಸ್ತಿಗೆ ಬೀಳುತ್ತದೆ. ಹತ್ತಿದ ದಾರಿಯನ್ನು ಮತ್ತೆ ಹತ್ತಬೇಕಾದ ಆಟಗಾರ ತಾನಾಗಿಯೇ ಎಚ್ಚರ ವಹಿಸುತ್ತಾನೆ. 2001ರ 'ವಾರಿಯೋ ಲ್ಯಾಂಡ್ 4' ಪ್ರಾಣದ ಹೃದಯಗಳನ್ನು ಮರಳಿ ತಂದು, ಹಂತದ ಆಳದಲ್ಲಿರುವ ಕಪ್ಪೆಯಾಕಾರದ ಸ್ವಿಚ್ ಒತ್ತಿದ ಮೇಲೆ ಗಡಿಯಾರದೊಡನೆ ಪೈಪೋಟಿಗಿಳಿದು ಆರಂಭದ ಬಾಗಿಲಿಗೆ ಹಿಂದಿರುಗುವಂತೆ ಮಾಡಿದ್ದನ್ನು ನಾನು ಹಿಂದೆ ಹಿಂಜರಿಕೆಯೆಂದುಕೊಂಡಿದ್ದೆ. ಈಗ ಹಾಗೆ ಅನ್ನಿಸುವುದಿಲ್ಲ. ಬಿಟ್ಟುಕೊಟ್ಟ ಹಳೆಯ ನಿಯಮ ಬೇರೆ ಕೆಲಸಕ್ಕೆ ಮರಳಿ ಬರಬಹುದು.

ಜಿಗಿತದಲ್ಲಿ ಮಾತ್ರ ನಾನು ತಪ್ಪಿದೆ. ಕರಡಿ ದಪ್ಪನೆಯ ಪ್ರಾಣಿಯೆಂದು ಜಿಗಿತದ ಎತ್ತರವನ್ನು ಕಾಲುಭಾಗ ಇಳಿಸಿದ್ದೆ, ಹಂತಗಳ ಅಳತೆಯನ್ನು ಮಾತ್ರ ಅಳಿಲಿನದ್ದೇ ಉಳಿಸಿಕೊಂಡಿದ್ದೆ. ಮೊದಲ ಆಟ ಆಡಿದ್ದ ಹುಡುಗ ಪ್ರತಿ ಅಂಚಿನಲ್ಲೂ ಎಡವಿದ, ಏಕೆಂದರೆ ಅವನ ಬೆರಳುಗಳಿಗೆ ಆ ಹಳೆಯ ಎತ್ತರ ರೂಢಿಯಾಗಿತ್ತು. ಮಾರಿಯೋ ಆಟಗಳ ಮತ್ತೊಂದು ಕವಲಾದ 2014ರ 'ಕ್ಯಾಪ್ಟನ್ ಟೋಡ್' ಜಿಗಿತವನ್ನೇ ಸಂಪೂರ್ಣವಾಗಿ ಬಿಟ್ಟರೂ ಗೆದ್ದದ್ದು, ಅದರ ಪ್ರತಿ ಹಂತವನ್ನೂ ಸುತ್ತಲೂ ತಿರುಗಿಸಿ ನೋಡಬಹುದಾದ ಪುಟ್ಟ ಪೆಟ್ಟಿಗೆಯಂತೆ ಹೊಸದಾಗಿ ಕಟ್ಟಿದ್ದರಿಂದ. ಅರ್ಧ ಬದಲಿಸಿ ಅರ್ಧ ಉಳಿಸಿದ ನನ್ನ ಕೆಲಸಕ್ಕೆ ಆ ಬಲವಿರಲಿಲ್ಲ. ಎತ್ತರವನ್ನು ಮೊದಲಿನಂತೆಯೇ ಮಾಡಿ, ಓಟ ವೇಗ ಪಡೆಯುವುದನ್ನು ಮಾತ್ರ ನಿಧಾನಗೊಳಿಸಿದೆ. ಭಾರದ ಅನುಭವ ಅಷ್ಟರಿಂದಲೇ ಬಂತು.

ನಾಲ್ಕನೆಯ ಹಂತಕ್ಕೆ ಒಂದು ಜೇನುಗುಹೆಯ ನಕ್ಷೆ ಬರೆದಿದ್ದೇನೆ. ಅಲ್ಲಿ ಬಿಸಿಲೇ ಇಲ್ಲ, ಆದ್ದರಿಂದ ಕೆಸರು ಕಳೆಯಲು ಬೇರೆ ದಾರಿ ಹುಡುಕಬೇಕಾಗಿದೆ.