ಮಳೆನೀರು ಚರಂಡಿಯಿಂದ ಕೆರೆಗೆ ಕೊಳಚೆ: ಕೆಲಸ ಎಲ್ಲಿಗೆ ಬಂತು

ಬೇಡಿಕೆ – ಮುಗಿದಿದೆ

"ಕೆರೆ ಉಳಿಸಿ" ಎಂಬ ಘೋಷಣೆಯನ್ನು ನಮ್ಮ ಗುಂಪು ಕಚೇರಿಗೆ ಬರೆಯುವ ಎಲ್ಲ ಪತ್ರಗಳಿಂದ ತೆಗೆದಾಯಿತು. ಅದಕ್ಕೆ ಎಲ್ಲರೂ ಹೂಂ ಅನ್ನುತ್ತಾರೆ, ಯಾರೂ ಏನೂ ಮಾಡಬೇಕಾಗಿ ಬರುವುದಿಲ್ಲ. ಈಗ ಉಳಿದಿರುವುದು ಒಂದೇ ವಾಕ್ಯ: "ಉತ್ತರದ ಮಳೆನೀರು ಚರಂಡಿಗೆ ಸೇರಿರುವ ಕೊಳಚೆ ಸಂಪರ್ಕಗಳನ್ನು ಪತ್ತೆಹಚ್ಚಿ, ಮುಂದಿನ ಮಳೆಗಾಲಕ್ಕೆ ಮೊದಲು ಒಳಚರಂಡಿಗೆ ತಿರುಗಿಸಬೇಕು." ಓದಿದವರು ಇದಕ್ಕೆ ಆಗುತ್ತದೆ ಅಥವಾ ಆಗುವುದಿಲ್ಲ ಅನ್ನಲೇಬೇಕು. ಹೂಳು, ಒತ್ತುವರಿ, ಪ್ಲಾಸ್ಟಿಕ್ ಎಲ್ಲವೂ ನಿಜವಾದ ಸಮಸ್ಯೆಗಳೇ. ಆದರೆ ಒಂದೇ ಪತ್ರದಲ್ಲಿ ಐದು ಬೇಡಿಕೆ ಇಟ್ಟರೆ ಅವುಗಳಲ್ಲಿ ಸುಲಭವಾದದ್ದನ್ನು ಮಾಡಿ ಕಡತ ಮುಚ್ಚುತ್ತಾರೆ.

ಯಾರ ಸಹಿ, ಯಾರ ಹಣ – ಮುಗಿದಿದೆ

ಆದೇಶಕ್ಕೆ ಸಹಿ ಹಾಕುವವರು, ಹಣ ಮಂಜೂರು ಮಾಡುವವರು, ಅವರಿಗೆ ತಾಂತ್ರಿಕ ಸಲಹೆ ಕೊಡುವವರು, ವಿರೋಧಿಸುವವರು: ನಾಲ್ಕು ಕಾಲಂ, ಒಂದು ಹಾಳೆ. ಸಾಮಾನ್ಯವಾಗಿ ಮೂರನೆಯವರನ್ನು ಯಾರೂ ಭೇಟಿ ಮಾಡುವುದಿಲ್ಲ. ಕಡತದಲ್ಲಿ ಮೊದಲ ಟಿಪ್ಪಣಿ ಬರೆಯುವುದು ಮಾತ್ರ ಅವರೇ. ಬಜೆಟ್ ಕರಡು ತಯಾರಾಗುವ ಮೊದಲೇ ಪತ್ರ ಅವರ ಮೇಜಿನ ಮೇಲಿರಬೇಕು. ಆಮೇಲೆ ಹೋದರೆ "ಹಣವಿಲ್ಲ" ಎಂಬ ಉತ್ತರ ಬರುತ್ತದೆ, ಅದು ಸುಳ್ಳೂ ಆಗಿರುವುದಿಲ್ಲ.

ಪುರಾವೆ – ನಡೆಯುತ್ತಿದೆ

ಹೆಚ್ಚು ಶ್ರಮ ಬೇಡುವ ಭಾಗ ಇದೇ. ಮಾದರಿ ತೆಗೆಯುವ ಜಾಗ ನಾಲ್ಕು: ಚರಂಡಿಯೊಳಗೆ, ಚರಂಡಿಯ ಬಾಯಲ್ಲಿ, ಕೆರೆಯ ಕೋಡಿಯ ಬಳಿ, ಚರಂಡಿಯಿಂದ ದೂರದ ದಡದಲ್ಲಿ. ಕೊನೆಯದನ್ನು ಬಿಟ್ಟರೆ "ಇಡೀ ಕೆರೆಯೇ ಹೀಗಿದೆ" ಎಂಬ ವಾದಕ್ಕೆ ಉತ್ತರವಿರುವುದಿಲ್ಲ.

ಕರಗಿದ ಆಮ್ಲಜನಕವನ್ನು ಸೂರ್ಯೋದಯಕ್ಕೆ ಮುಂಚೆ ಅಳೆಯಬೇಕು. ಪಾಚಿ ಹಗಲಿಡೀ ಆಮ್ಲಜನಕ ಬಿಡುತ್ತದೆ, ರಾತ್ರಿಯಿಡೀ ಬಳಸುತ್ತದೆ. ಮಧ್ಯಾಹ್ನದ ಅಂಕಿ ನೋಡಿದರೆ ಕೊಳೆತ ಕೆರೆಯೂ ಆರೋಗ್ಯವಾಗಿರುವಂತೆ ಕಾಣುತ್ತದೆ. ಜೊತೆಗೆ ನೀರಿನ ಉಷ್ಣತೆ ಬರೆದಿಡಲೇಬೇಕು. ಸಮುದ್ರಮಟ್ಟದಲ್ಲಿ 20 ಡಿಗ್ರಿ ಸೆಲ್ಸಿಯಸ್ ಇರುವ ಸಿಹಿನೀರು ಲೀಟರಿಗೆ ಸುಮಾರು 9.1 ಮಿಲಿಗ್ರಾಂ ಆಮ್ಲಜನಕ ಹಿಡಿದಿಟ್ಟರೆ, 30 ಡಿಗ್ರಿಯಲ್ಲಿ ಸುಮಾರು 7.6 ಮಾತ್ರ. ಉಷ್ಣತೆ ಬರೆಯದ ಅಂಕಿಯನ್ನು ಎದುರಿನವರು ಒಂದೇ ಪ್ರಶ್ನೆಯಲ್ಲಿ ತಳ್ಳಿಹಾಕಬಹುದು.

ಇ. ಕೋಲಿ (ಮಲದಿಂದ ನೀರಿಗೆ ಸೇರುವ ಬ್ಯಾಕ್ಟೀರಿಯಾ) ಪರೀಕ್ಷೆಗೆ ಪ್ರಯೋಗಾಲಯವೇ ಕೊಡುವ ಕ್ರಿಮಿಶುದ್ಧ ಬಾಟಲಿ ಬೇಕು. ಮುಚ್ಚಳದ ಒಳಭಾಗ ಮುಟ್ಟಬಾರದು, ಬಾಟಲಿ ತೊಳೆಯಬಾರದು. ಬಾಯಿ ಕೆಳಗೆ ಮಾಡಿ ನೀರಿಗಿಳಿಸಿ, ಹರಿವಿಗೆ ಎದುರಾಗಿ ತಿರುಗಿಸಿ ತುಂಬಬೇಕು. ಮೇಲೆ ಎರಡು ಸೆಂಟಿಮೀಟರ್ ಖಾಲಿ ಬಿಡಬೇಕು. ಬಿಓಡಿ ಎಂದರೆ ನೀರಿನಲ್ಲಿರುವ ಕೊಳೆಯನ್ನು ಕರಗಿಸಲು ಸೂಕ್ಷ್ಮಜೀವಿಗಳು ಬಳಸುವ ಆಮ್ಲಜನಕದ ಅಳತೆ. ಅದರ ಬಾಟಲಿ ಇದಕ್ಕೆ ತದ್ವಿರುದ್ಧ: ಗುಳ್ಳೆ ಇಲ್ಲದಂತೆ ಅಂಚಿನವರೆಗೂ ತುಂಬಬೇಕು. ಎರಡನ್ನೂ ಮಂಜುಗಡ್ಡೆಯ ಪೆಟ್ಟಿಗೆಯಲ್ಲಿಟ್ಟು ಇ. ಕೋಲಿಯದ್ದನ್ನು 6 ಗಂಟೆಯೊಳಗೆ, ಬಿಓಡಿಯದ್ದನ್ನು 24 ಗಂಟೆಯೊಳಗೆ ತಲುಪಿಸಬೇಕು. ತಡವಾದಷ್ಟೂ ಬಿಓಡಿ ಅಂಕಿ ಇಳಿಯುತ್ತದೆ, ನಷ್ಟ ನಮ್ಮ ವಾದಕ್ಕೇ. ಪ್ರತಿ ಹತ್ತು ಮಾದರಿಗೆ ಒಂದು ಜೋಡಿ ಮಾದರಿ, ಅಂದರೆ ಅದೇ ಜಾಗದಲ್ಲಿ ಅದೇ ಹೊತ್ತಿಗೆ ತುಂಬಿದ ಎರಡನೇ ಬಾಟಲಿ. ಬಾಟಲಿ ಕೈಬದಲಾದಾಗಲೆಲ್ಲ ಚೀಟಿಯಲ್ಲಿ ಸಹಿ ಮತ್ತು ಸಮಯ.

ಆದರೆ ಕೊಳಚೆ ಎಲ್ಲಿ ಸೇರುತ್ತಿದೆ ಎಂಬುದನ್ನು ಈ ಯಾವ ಅಂಕಿಯೂ ಹೇಳುವುದಿಲ್ಲ. ಅದಕ್ಕೆ ಅತಿ ಅಗ್ಗದ ದಾರಿ ಹತ್ತಿಯ ತುಂಡು. ಮಳೆ ನಿಂತು 72 ಗಂಟೆ ಕಳೆದರೂ ಮಳೆನೀರು ಚರಂಡಿ ಹರಿಯುತ್ತಿದ್ದರೆ ಅದು ಮಳೆನೀರಲ್ಲ: ಅಂತರ್ಜಲದ ಜಿನುಗು, ಸೋರುವ ಕುಡಿಯುವ ನೀರಿನ ಕೊಳವೆ ಅಥವಾ ಕೊಳಚೆ. ಬಟ್ಟೆ ಒಗೆಯುವ ಪುಡಿಗಳಲ್ಲಿ ಬಿಳುಪು ಹೆಚ್ಚಿಸುವ ರಾಸಾಯನಿಕ ಇರುತ್ತದೆ, ಅದು ಹತ್ತಿಗೆ ಅಂಟಿಕೊಂಡು ನೇರಳಾತೀತ ಬೆಳಕಿನಲ್ಲಿ ನೀಲಿಯಾಗಿ ಹೊಳೆಯುತ್ತದೆ. ಬ್ಲೀಚ್ ಮಾಡದ ಹತ್ತಿಯನ್ನು ಜಾಲರಿಯೊಳಗಿಟ್ಟು, ಮೀನುಗಾಳದ ದಾರದಿಂದ ಮ್ಯಾನ್‌ಹೋಲ್‌ನ ಹರಿವಿನಲ್ಲಿ ನಾಲ್ಕೈದು ದಿನ ಬಿಡಬೇಕು. ಹೊರತೆಗೆದು ಅದೇ ನೀರಿನಲ್ಲಿ ಮಣ್ಣು ತೊಳೆದು, ಕತ್ತಲಲ್ಲಿ ಒಣಗಿಸಿ, 365 ನ್ಯಾನೋಮೀಟರ್ ನೇರಳಾತೀತ ಟಾರ್ಚ್ ಹಿಡಿಯಬೇಕು. ಬಿಸಿಲಿಗೆ ಒಣಗಿಸಿದರೆ ಹೊಳಪು ಸಾಯುತ್ತದೆ.

ಕೆಡುವುದು ಮುಖ್ಯವಾಗಿ ಎರಡು ಕಡೆ. ಅಂಗಡಿಯ ಹತ್ತಿ ಎಷ್ಟೋ ಸಲ ಮೊದಲೇ ಹೊಳೆಯುತ್ತಿರುತ್ತದೆ. ಹಾಗಾಗಿ ಇಳಿಬಿಡುವ ಮೊದಲೇ ಟಾರ್ಚ್ ಹಿಡಿದು ನೋಡಿ, ನೀರಿಗೆ ಹಾಕದ ಒಂದು ತುಂಡನ್ನು ಹೋಲಿಕೆಗೆ ಎತ್ತಿಡಬೇಕು. ಇನ್ನೊಂದು ಕಾಗದದ ನಾರು. ಅದೂ ಹೊಳೆಯುತ್ತದೆ, ಆದರೆ ಚುಕ್ಕಿಚುಕ್ಕಿಯಾಗಿ. ತುಂಡಿನ ತುಂಬ ಸಮನಾಗಿ ಹರಡಿದ ಹೊಳಪನ್ನು ಮಾತ್ರ ಲೆಕ್ಕಕ್ಕೆ ಹಿಡಿಯಬೇಕು. ಕೆಳಗಿನ ಮ್ಯಾನ್‌ಹೋಲ್ ಹೊಳೆದು ಮೇಲಿನದು ಹೊಳೆಯದಿದ್ದರೆ ಸಂಪರ್ಕ ಅವೆರಡರ ನಡುವೆ ಇದೆ. ಇದು ಸುಳಿವು ಮಾತ್ರ. ಪತ್ರದಲ್ಲಿ ಹಾಕುವ ಮೊದಲು ಅದೇ ಜಾಗದ ಅಮೋನಿಯಾ (ಕೊಳಚೆಯಲ್ಲಿ ಹೆಚ್ಚಾಗಿರುತ್ತದೆ) ಅಂಕಿಯೂ ಬೇಕು. ಮ್ಯಾನ್‌ಹೋಲ್‌ನೊಳಗೆ ಯಾರೂ ಇಳಿಯಬಾರದು. ಒಳಗಿನ ಅನಿಲ ಪ್ರಾಣ ತೆಗೆಯುತ್ತದೆ. ಮುಚ್ಚಳ ತೆಗೆಯುವುದಕ್ಕೂ ಚರಂಡಿ ನೋಡಿಕೊಳ್ಳುವ ಕಚೇರಿಯ ಅನುಮತಿ ಮತ್ತು ಅದರದೇ ಸಿಬ್ಬಂದಿ ಬೇಕು.

ಪತ್ರ – ಕರಡು ಸಿದ್ಧ

ಒಂದೇ ಪುಟ. ಮೊದಲ ಪ್ಯಾರಾದಲ್ಲಿ ಬೇಡಿಕೆ, ಎರಡನೆಯದರಲ್ಲಿ ಅಂಕಿ, ಮೂರನೆಯದರಲ್ಲಿ ಉತ್ತರ ಬೇಕಾದ ದಿನಾಂಕ. ಪ್ರತಿಯ ಮೇಲೆ ಸ್ವೀಕೃತಿ ಮೊಹರು. ದಾಖಲೆ ಕೇಳುವಾಗ "ಎಲ್ಲ ಮಾಹಿತಿ" ಎಂದು ಕೇಳಿದರೆ ತಳ್ಳಿಹಾಕಲು ಸುಲಭ; ಯಾವ ಅವಧಿಯ ಯಾವ ತಪಾಸಣಾ ವರದಿ ಎಂದು ಹೆಸರಿಸಬೇಕು. ಪರಿಸರ ಮಾಹಿತಿ ಜನರಿಗೆ ಸಿಗಬೇಕು ಎಂಬುದನ್ನು 1992ರ ರಿಯೊ ಘೋಷಣೆಯ ಹತ್ತನೇ ತತ್ವವೇ ಹೇಳಿದೆ, ಆದರೆ ಪತ್ರದಲ್ಲಿ ಕೆಲಸ ಮಾಡುವುದು ಆಯಾ ದೇಶದ ಕಾಯ್ದೆಯ ಕಲಂ ಸಂಖ್ಯೆ. ಬಾಯಿಮಾತಿನ ಭರವಸೆ ಸಿಕ್ಕಿದ ದಿನವೇ "ತಾವು ಹೀಗೆ ಹೇಳಿದಿರಿ, ತಪ್ಪಿದ್ದರೆ ತಿಳಿಸಿ" ಎಂದು ಇಮೇಲ್ ಹೋಗಬೇಕು. ವರದಿ ಮೊದಲು ಕಚೇರಿಗೆ, ಪತ್ರಿಕೆಗಳಿಗೆ ಆಮೇಲೆ. ಪತ್ರಿಕೆಯಲ್ಲಿ ಓದಿ ತಿಳಿದ ಅಧಿಕಾರಿ ಸ್ಪಷ್ಟನೆ ಬರೆಯುತ್ತಾರೆ, ದುರಸ್ತಿ ಆದೇಶವನ್ನಲ್ಲ.

ಗುಂಪು

ವಾಟ್ಸಾಪ್‌ನಲ್ಲಿ ಇರುವವರ ಸಂಖ್ಯೆಗೂ ಬಾಟಲಿ ಹಿಡಿಯುವವರ ಸಂಖ್ಯೆಗೂ ಸಂಬಂಧವಿಲ್ಲ. ಹೊಸಬರಿಗೆ ಬಂದ ವಾರದಲ್ಲೇ ಒಂದು ಗಂಟೆಯೊಳಗೆ ಮುಗಿಯುವ ಕೆಲಸ ಕೊಡಬೇಕು. ಪ್ರತಿ ಕೆಲಸದ ಮುಂದೆ ಒಬ್ಬರ ಹೆಸರು, ಒಂದು ದಿನಾಂಕ. "ಎಲ್ಲರೂ" ಎಂದು ಬರೆದರೆ ಅದು ಆಗುವುದಿಲ್ಲ. ನೀರು ಅಳೆಯುವ ಮೀಟರ್ ಮತ್ತು ಲೆಕ್ಕಪತ್ರ, ಈ ಎರಡಕ್ಕೂ ಇನ್ನೊಬ್ಬರು ತಯಾರಿರಬೇಕು. ಬ್ಯಾಂಕ್ ಖಾತೆಗೆ ಎರಡು ಸಹಿ.

ಮುಂದಿನ ಕೆಲಸ: ಮೇಲಿನ ಎರಡು ಮ್ಯಾನ್‌ಹೋಲ್‌ಗಳಿಗೆ ಜಾಲರಿ, ಮೊದಲ ಮಳೆಯ ಮಾದರಿ, ತಾಂತ್ರಿಕ ಸಲಹೆಗಾರರ ಭೇಟಿಗೆ ಸಮಯ ಕೇಳುವುದು.