ಕವಚದ ಒಳಗಿನ ಗುರುತು

ಹೋದ ವಾರಾಂತ್ಯ ಒಂದು ಕನ್ವೆನ್ಶನ್‌ಗೆ, ಅಂದರೆ ಅಭಿಮಾನಿಗಳು ತಮ್ಮ ಇಷ್ಟದ ಪಾತ್ರಗಳ ವೇಷ ಹಾಕಿಕೊಂಡು ಸೇರುವ ಸಮ್ಮೇಳನಕ್ಕೆ ಹೋಗಿದ್ದೆವು. ಆ ಎರಡು ದಿನ ನನ್ನ ಗೆಳೆಯರನ್ನು ನಾನು ಅವರ ಸ್ವಂತ ಹೆಸರಿನಿಂದ ಒಮ್ಮೆಯೂ ಕರೆಯಲಿಲ್ಲ. ಶನಿವಾರ ಬೆಳಗ್ಗೆ ವಿಗ್ ತಲೆಗೇರಿದ ಮೇಲೆ ಒಬ್ಬಳು ಎಡ್, ಒಬ್ಬ ಅಲ್, ಇನ್ನೊಬ್ಬಳು ವಿನ್ರಿ. ಭಾನುವಾರ ರಾತ್ರಿ ಸಾಮಾನು ಕಟ್ಟುವಾಗಲೂ "ಅಲ್, ಆ ಟೇಪ್ ಕೊಡೋ" ಅಂತಲೇ ಬಾಯಿಗೆ ಬರುತ್ತಿತ್ತು.

'ಫುಲ್‌ಮೆಟಲ್ ಆಲ್ಕೆಮಿಸ್ಟ್' ಅನ್ನುವ ಅನಿಮೆ, ಅಂದರೆ ಜಪಾನಿನ ಅನಿಮೇಷನ್ ಸರಣಿ, ನೋಡಿದವರಿಗೆ ಈ ಮೂವರ ಪರಿಚಯ ಬೇಕಿಲ್ಲ. ನೋಡದವರಿಗೆ ಇಷ್ಟು ಸಾಕು. ಎಡ್, ಅಲ್ ಅಣ್ಣ ತಮ್ಮ. ಸತ್ತ ಅಮ್ಮನನ್ನು ಮತ್ತೆ ಬದುಕಿಸಲು ಹೋಗಿ ಅಣ್ಣ ಒಂದು ಕಾಲು ಕಳೆದುಕೊಳ್ಳುತ್ತಾನೆ, ತಮ್ಮ ಇಡೀ ದೇಹವನ್ನೇ ಕಳೆದುಕೊಳ್ಳುತ್ತಾನೆ. ತಮ್ಮನ ಜೀವವಾದರೂ ಉಳಿಯಲಿ ಅಂತ ಅಣ್ಣ ತನ್ನ ಬಲಗೈಯನ್ನೂ ಕೊಟ್ಟು, ಆ ಜೀವವನ್ನು ಒಂದು ಖಾಲಿ ಕವಚಕ್ಕೆ ಕಟ್ಟುತ್ತಾನೆ. ಕವಚದ ಒಳಗೆ, ಕುತ್ತಿಗೆಯ ಹಿಂದೆ, ತನ್ನ ರಕ್ತದಿಂದಲೇ ಒಂದು ಗುರುತು ಬರೆಯುತ್ತಾನೆ. ಆ ಗುರುತು ಅಳಿಸಿದರೆ ಅಲ್ ಇಲ್ಲ. ವಿನ್ರಿ ಇಬ್ಬರಿಗೂ ಬಾಲ್ಯದ ಗೆಳತಿ, ಎಡ್‌ನ ಉಕ್ಕಿನ ಕೈಕಾಲು ಮಾಡಿಕೊಡುವ ಮೆಕ್ಯಾನಿಕ್.

ಹೀಗೆ ಪಾತ್ರಗಳ ವೇಷ ಹಾಕುವುದಕ್ಕೆ ಕಾಸ್‌ಪ್ಲೇ ಅನ್ನುತ್ತಾರೆ. ನಾನು ವೇಷ ಹಾಕಿರಲಿಲ್ಲ. ನಾನು ಹ್ಯಾಂಡ್ಲರ್. ದೊಡ್ಡ ಕಾಸ್ಟ್ಯೂಮ್ ಹಾಕಿಕೊಂಡವರ ಜೊತೆ ನಡೆಯುವವರನ್ನು ಕನ್ವೆನ್ಶನ್‌ಗಳಲ್ಲಿ ಹಾಗೆ ಕರೆಯುತ್ತಾರೆ. ದಾರಿ ಬಿಡಿಸುವುದು, ನೀರು ಕುಡಿಸುವುದು, ಮುರಿದದ್ದನ್ನು ನಿಂತಲ್ಲೇ ರಿಪೇರಿ ಮಾಡುವುದು, ಫೋನು ಪರ್ಸು ಹೊರುವುದು. ಇದು ನನಗೆ ತುಂಬಾ ಇಷ್ಟದ ಕೆಲಸ. ಯಾಕೆ ಅಂತ ಬರೆಯಬೇಕು ಅನ್ನಿಸಿತು.

ಅಲ್‌ನ ಕವಚ ಮಾಡಲು ನಾಲ್ಕು ತಿಂಗಳು ಹಿಡಿಯಿತು. ಪೂರ್ತಿ ಇವಿಎ ಫೋಮ್. ಜಿಮ್‌ನಲ್ಲಿ ನೆಲಕ್ಕೆ ಹಾಸುತ್ತಾರಲ್ಲ, ಅದೇ ಜಾತಿಯ ವಸ್ತು. ಎದೆ, ಬೆನ್ನಿಗೆ 10 ಮಿಲಿಮೀಟರ್ ದಪ್ಪದ್ದು, ಮೇಲಿನ ಪಟ್ಟಿ, ಅಂಚುಗಳಿಗೆ 2 ಮಿಲಿಮೀಟರ್‌ನದು. ಮೊದಲು ಪೇಪರಿನ ಅಳತೆ, ಆಮೇಲೆ ಕತ್ತರಿಸುವುದು. ಬ್ಲೇಡು ಸ್ವಲ್ಪ ಮೊಂಡಾದರೂ ಫೋಮ್ ಹರಿದು ಅಂಚು ಹಾಳಾಗುತ್ತದೆ. ಕಾಂಟ್ಯಾಕ್ಟ್ ಅಂಟನ್ನು ಎರಡೂ ಬದಿಗೆ ಹಚ್ಚಿ, ಬೆರಳಿಗೆ ಅಂಟದಷ್ಟು ಒಣಗುವ ತನಕ ಕಾಯಬೇಕು. ಆಮೇಲೆ ಒತ್ತಿದರೆ ಮುಗಿಯಿತು, ಸರಿಮಾಡಲು ಎರಡನೇ ಅವಕಾಶವಿಲ್ಲ. ಕೊನೆಗೆ ಹೀಟ್ ಗನ್. ಬಿಸಿ ಗಾಳಿ ತಾಗಿದಾಗ ಫೋಮಿನ ಸಣ್ಣ ರಂಧ್ರಗಳು ಮುಚ್ಚಿಕೊಂಡು ಮೇಲ್ಮೈ ತುಸು ಹೊಳೆಯುತ್ತದೆ. ಆ ಹೊಳಪು ಬರುವ ಕ್ಷಣ ನೋಡಲು ಎಷ್ಟು ಚೆಂದ! ನಂತರ ನಾಲ್ಕು ಕೋಟ್ ಪ್ರೈಮರ್, ಬೆಳ್ಳಿ ಬಣ್ಣ, ಅದರ ಮೇಲೆ ನೀರಾದ ಕಪ್ಪು ಬಣ್ಣ ಹಚ್ಚಿ ಬಟ್ಟೆಯಲ್ಲಿ ಒರೆಸುವುದು. ಕಪ್ಪು ಗೆರೆಗಳಲ್ಲಿ ಮಾತ್ರ ಉಳಿದು, ಹೊಸ ಫೋಮ್ ಹಳೇ ಕಬ್ಬಿಣದ ಹಾಗೆ ಕಾಣುತ್ತದೆ.

ಕಥೆಯಲ್ಲಿ ಅಲ್ 2 ಮೀಟರ್‌ಗಿಂತ ಎತ್ತರ. ನಮ್ಮವನೂ ಎತ್ತರದವನೇ, ಆದರೂ ಬೂಟಿನೊಳಗೆ ಫೋಮ್ ಅಟ್ಟೆ ಇಡಬೇಕಾಯಿತು. ಹೆಲ್ಮೆಟ್‌ನ ಕಣ್ಣಿಗೆ ಕಪ್ಪು ಜಾಲರಿ. ಒಳಗೊಂದು ಪುಟ್ಟ ಫ್ಯಾನು, ಅದಕ್ಕೆ ಸೊಂಟದಲ್ಲಿ ಪವರ್ ಬ್ಯಾಂಕ್. ಅವನಿಗೆ ನೇರ ಮುಂದೆ ಇರುವುದು ಕಾಣುತ್ತದೆ, ಅಷ್ಟೇ. ಪಕ್ಕ ಕಾಣುವುದಿಲ್ಲ, ಕಾಲಬುಡ ಕಾಣುವುದಿಲ್ಲ. ಫ್ಯಾನಿನ ಸದ್ದಿಗೆ ಕಿವಿಯೂ ಮಂದ.

ಅದಕ್ಕೇ ನಾವು ಸನ್ನೆಗಳನ್ನು ಮಾಡಿಕೊಂಡಿದ್ದೆವು. ನಾನು ಅರ್ಧ ಹೆಜ್ಜೆ ಮುಂದೆ, ಅವನ ಕೈ ನನ್ನ ಭುಜದ ಮೇಲೆ. ನಾನು ಅವನ ಕೈಯನ್ನು ಒಮ್ಮೆ ತಟ್ಟಿದರೆ ನಿಲ್ಲು. ಎರಡು ಸಲ ತಟ್ಟಿದರೆ ಮೆಟ್ಟಿಲು. ಅವನು ನನ್ನ ಭುಜದ ಮೇಲೆ ಮುಷ್ಟಿ ಹಿಡಿದರೆ ಅರ್ಥ ಒಂದೇ: ಈಗಲೇ ಹೊರಗೆ ಕರೆದುಕೊಂಡು ಹೋಗು. ಕಥೆಯ ಅಲ್‌ಗೆ ಹಸಿವಿಲ್ಲ, ನಿದ್ದೆಯಿಲ್ಲ, ಬಿಸಿ ತಣ್ಣಗೆ ಏನೂ ಗೊತ್ತಾಗುವುದಿಲ್ಲ. ಫೋಮಿನೊಳಗೆ ನಿಂತ ಮನುಷ್ಯನಿಗೆ ಹಾಗಲ್ಲ. ಮುಕ್ಕಾಲು ಗಂಟೆಗೊಮ್ಮೆ ಹೆಲ್ಮೆಟ್ ತೆಗೆಯಲೇಬೇಕು ಅಂತ ನಾನು ಫೋನಿನಲ್ಲಿ ಅಲಾರಂ ಇಟ್ಟಿದ್ದೆ. ಫೋಟೋಗೆ ಎಷ್ಟು ಜನ ಕಾದಿದ್ದರೂ ಸರಿ, ಅಲಾರಂ ಹೊಡೆದರೆ ಹೊರಟೆವು.

ಶನಿವಾರ ಬೆಳಗ್ಗೆ ರೂಮಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಎಡ್ ಕನ್ನಡಿ ಮುಂದೆ ಜಡೆ ಹೆಣೆಯುತ್ತಿದ್ದಳು. ವಿನ್ರಿ ತನ್ನ ಕೂದಲನ್ನು ಚಪ್ಪಟೆಯಾಗಿ ಪಿನ್ ಮಾಡಿ, ವಿಗ್ ಕ್ಯಾಪ್ ಎಳೆದುಕೊಂಡು, ಹಳದಿ ವಿಗ್ಗಿನ ಅಂಚನ್ನು ಹಣೆಗೆ ಕೂರಿಸುತ್ತಿದ್ದಳು. ನಾನು ಅಲ್‌ನ ಬೆನ್ನಿನ ಭಾಗವನ್ನು ಎತ್ತಿ ಹಿಡಿದೆ. ಆಗ ಅದು ಕಂಡಿತು. ಒಳಗಡೆ, ಕುತ್ತಿಗೆ ಬರುವ ಜಾಗದಲ್ಲಿ, ಬರೀ ಫೋಮಿನ ಮೇಲೆ, ಕೆಂಪು ಬಣ್ಣದಲ್ಲಿ ಆ ಗುರುತು. ಅಂಗೈ ಅಗಲದ ವೃತ್ತ. ಗೆರೆ ಒಂದೇ ಸಮ ಇರಲಿಲ್ಲ. ಒಂದು ಕಡೆ ದಪ್ಪ, ಇನ್ನೊಂದು ಕಡೆ ಬಣ್ಣ ಮುಗಿದು ತೆಳ್ಳಗೆ. ಬೆರಳಲ್ಲಿ ಬರೆದದ್ದು ಅಂತ ನೋಡಿದ ತಕ್ಷಣ ತಿಳಿಯಿತು.

"ಇದು ಯಾರಿಗೂ ಕಾಣಲ್ಲ ಅಲ್ವಾ?" ಅಂದೆ.

ಎಡ್ ಕನ್ನಡಿಯಿಂದ ತಿರುಗದೆ, "ಕಾಣಲ್ಲ. ಆದ್ರೆ ಅದಿಲ್ದೆ ಅವನು ಎದ್ದು ನಿಲ್ಲೋದು ಹೇಗೆ?" ಅಂದಳು.

ನಾನು ಮಾತಾಡಲಿಲ್ಲ. ಬಕಲ್ ಹಾಕುತ್ತಾ ಹೋದೆ.

ಬಾಗಿಲಲ್ಲಿ ಪ್ರಾಪ್ ಚೆಕ್ ಇತ್ತು, ವೇಷದ ಜೊತೆ ಕೈಯಲ್ಲಿ ಹಿಡಿಯುವ ಸಾಮಾನುಗಳ ತಪಾಸಣೆ. ವಿನ್ರಿಯ ದೊಡ್ಡ ಸ್ಪ್ಯಾನರ್ ಫೋಮಿನದೇ ಅಂತ ಸ್ವಯಂಸೇವಕಿಯೊಬ್ಬಳು ಬಗ್ಗಿಸಿ ನೋಡಿ, ಒಂದು ಬಣ್ಣದ ಪಟ್ಟಿ ಕಟ್ಟಿ ಕೊಟ್ಟಳು. ಒಳಗೆ ಕಾಲಿಟ್ಟೆವು. ಕನ್ವೆನ್ಶನ್ ಹಾಲಿನ ಆ ಮೊದಲ ನಿಮಿಷ ನನಗೆ ಎಷ್ಟು ಸಲ ನೋಡಿದರೂ ಸಾಕಾಗುವುದಿಲ್ಲ. ಎಲ್ಲಿ ನೋಡಿದರೂ ತಿಂಗಳುಗಟ್ಟಲೆ ರಾತ್ರಿ ಕೂತು ಹೊಲಿದ ಬಟ್ಟೆ, ಕೆತ್ತಿದ ಕತ್ತಿ, ಅಂಟಿಸಿದ ರೆಕ್ಕೆ. ಮುಖ ಗೊತ್ತಿಲ್ಲದವರು ದೂರದಿಂದ "ಅಲ್!" ಅಂತ ಕೂಗುತ್ತಾರೆ, ಹಳೇ ಗೆಳೆಯ ಸಿಕ್ಕಿದ ಹಾಗೆ.

ಅಲ್‌ಗೆ ಬೆಕ್ಕಿನ ಮರಿ ಅಂದರೆ ಪ್ರಾಣ. ಬೀದಿಯಲ್ಲಿ ಸಿಕ್ಕ ಮರಿಯನ್ನು ಕವಚದೊಳಗೆ ಬಚ್ಚಿಟ್ಟುಕೊಂಡು ಅಣ್ಣನ ಹತ್ತಿರ ಬೈಸಿಕೊಳ್ಳುತ್ತಾನೆ. ಅದಕ್ಕೆ ನಮ್ಮವನ ಎದೆಯ ಪಟ್ಟಿಯ ಸಂದಿಯಲ್ಲಿ ಒಂದು ಬಟ್ಟೆಯ ಬೆಕ್ಕಿನ ಮರಿ ತಲೆ ಹೊರಹಾಕಿ ಕೂತಿತ್ತು. ಮಧ್ಯಾಹ್ನದ ಹೊತ್ತಿಗೆ ಐದಾರು ವರ್ಷದ ಒಬ್ಬ ಹುಡುಗ ಬಂದು ನಿಂತ. ಮೊದಲು ಅಪ್ಪನ ಕಾಲಿನ ಹಿಂದೆ ಅಡಗಿದ. ಆಮೇಲೆ ಮರಿ ಕಂಡಿತು. ನಿಧಾನವಾಗಿ ಹತ್ತಿರ ಬಂದು, ಕವಚದ ಮೊಣಕಾಲನ್ನು ಬಾಗಿಲು ಬಡಿದ ಹಾಗೆ ಬಡಿದ. ಅಲ್ ಮೆಲ್ಲಗೆ ಕೂತ. ಆ ಕವಚದಲ್ಲಿ ಕೂರುವುದು ಅಂದರೆ ಸುಮ್ನೆ ಮಾತಲ್ಲ, ತೊಡೆಯ ಪಟ್ಟಿಗಳು ಒಂದಕ್ಕೊಂದು ತಾಗಿ ಮಾಂಸಕ್ಕೆ ಒತ್ತುತ್ತವೆ. ಮರಿಯನ್ನು ತೆಗೆದು ಹುಡುಗನ ಕೈಗೆ ಕೊಟ್ಟ. ಹುಡುಗ ಅದರ ತಲೆ ಸವರಿ, ಕಿವಿಯಲ್ಲಿ ಏನೋ ಹೇಳಿ, ತಿರುಗಿ ಅದೇ ಸಂದಿಯಲ್ಲಿ ಜೋಪಾನವಾಗಿ ಇಟ್ಟ. ನನ್ನ ಗಂಟಲು ಕಟ್ಟಿತು.

ಎಲ್ಲರೂ ಆ ಹುಡುಗನ ಹಾಗೆ ಇರುವುದಿಲ್ಲ. ಹಾಲಿನ ಗೋಡೆಗಳ ಮೇಲೆ 'ಕಾಸ್‌ಪ್ಲೇ ಅಂದರೆ ಒಪ್ಪಿಗೆಯಲ್ಲ' ಅನ್ನುವ ಬೋರ್ಡು ಹಾಕಿದ್ದರು. ಅದರ ಕೆಳಗೇ ಒಬ್ಬ ದೊಡ್ಡವನು ಹಿಂದಿನಿಂದ ಬಂದು ವಿನ್ರಿಯ ವಿಗ್ ಎಳೆದ. ನಿಜವಾದ ಕೂದಲಾ ಅಂತ ನೋಡಬೇಕಿತ್ತಂತೆ. ಒಳಗೆ ಪಿನ್ ಹಾಕಿದ್ದ ಅವಳ ಕೂದಲೂ ಜೊತೆಗೇ ಎಳೆಯಿತು, ಕಣ್ಣಲ್ಲಿ ನೀರು ಬಂತು. ನನಗೆ ಮೈಯೆಲ್ಲಾ ಉರಿಯಿತು. ನಾನು ಇಬ್ಬರ ನಡುವೆ ನಿಂತು ಸ್ವಯಂಸೇವಕರನ್ನು ಕೂಗಿದೆ. ಅವರು ಕೂಡಲೇ ಬಂದು ಅವನನ್ನು ಹೊರಗೆ ಕರೆದುಕೊಂಡು ಹೋದರು. ಕೇಳದೆ ಮುಟ್ಟಬಾರದು. ಫೋಟೋ ಬೇಕಾದರೂ ಒಂದು ಮಾತು ಕೇಳಬೇಕು. ಇದನ್ನು ಐದು ವರ್ಷದ ಹುಡುಗ ಯಾರೂ ಹೇಳದೆ ತಿಳಿದಿದ್ದ.

ಆ ದಿನ 3 ಗಂಟೆಗೆ ನಮ್ಮ ಸರಣಿಯವರ ಗುಂಪು ಫೋಟೋ. ಒಂದೇ ಕಥೆಯ ವೇಷ ಹಾಕಿದವರೆಲ್ಲ ಹೊರಗಿನ ಮೆಟ್ಟಿಲ ಮೇಲೆ ಸೇರುವುದು. ಇನ್ನು 20 ನಿಮಿಷ ಇದೆ ಅನ್ನುವಾಗ ಟಕ್ ಅಂತ ಸದ್ದು. ಅಲ್‌ನ ಎಡ ಭುಜದ ಬಕಲ್ ಮುರಿದು, ಭುಜದ ಕವಚ ಮೊಣಕೈಗೆ ಜಾರಿತು. ಎದೆ ಧಸಕ್ ಅಂತು. ಬ್ಯಾಗಿನಲ್ಲಿ ಬದಲಿ ಬಕಲ್ ಇತ್ತು, ಆದರೆ ಪಟ್ಟಿಯ ಹೊಲಿಗೆಯೇ ಕಿತ್ತುಬಂದಿತ್ತು. ಗ್ಲೂ ಗನ್ ಹಚ್ಚಲು ಹತ್ತಿರದಲ್ಲಿ ಪ್ಲಗ್ ಇಲ್ಲ. ಹಚ್ಚಿದ್ದರೂ ಅಷ್ಟು ತೂಕಕ್ಕೆ ನಾನು ಅದನ್ನು ನಂಬುತ್ತಿರಲಿಲ್ಲ.

ಆಗ ಕೈಗೆ ಬಂದದ್ದು ಡೆಂಟಲ್ ಫ್ಲಾಸ್. ಹಲ್ಲಿನ ಸಂದಿ ತಿಕ್ಕುವ ದಾರ. ಹೊಲಿಗೆ ದಾರಕ್ಕಿಂತ ಎಷ್ಟೋ ಗಟ್ಟಿ. ಹಳೇ ಕಾಸ್‌ಪ್ಲೇಯರ್‌ಗಳ ಬ್ಯಾಗಿನಲ್ಲಿ ಇದು ಇರುತ್ತದೆ. ಬಾಗಿದ ಸೂಜಿಗೆ ಪೋಣಿಸಿದೆ. ವಿನ್ರಿ ಎರಡೂ ಕೈಯಲ್ಲಿ ಭುಜದ ಕವಚವನ್ನು ಎತ್ತಿ ಹಿಡಿದಳು. ಎಡ್ ಫೋನಿನ ಟಾರ್ಚ್ ಬಿಟ್ಟಳು. ಪಟ್ಟಿ ಎಷ್ಟು ಬಿಗಿಯಾದ ನೇಯ್ಗೆ ಅಂದರೆ, ಪ್ರತಿ ಸಲ ಸೂಜಿಯ ಹಿಂಬದಿಯನ್ನು ಕತ್ತರಿಯ ಹಿಡಿಕೆಯಿಂದ ತಳ್ಳಬೇಕಿತ್ತು. ಒಂದು, ಎರಡು, ಮೂರು. ಆರನೇ ಹೊಲಿಗೆಗೆ ಸೂಜಿ ಬೆರಳಿಗೆ ಚುಚ್ಚಿತು. ಒಂಬತ್ತು ಹೊಲಿಗೆ ಹಾಕಿ ಗಂಟು ಬಿಗಿದೆ. ಅಷ್ಟು ಹೊತ್ತೂ ಅಲ್ ಮರದ ಹಾಗೆ ಅಲ್ಲಾಡದೆ ನಿಂತಿದ್ದ.

ಎದುರಿಗೆ ಕ್ಯಾಮೆರಾದವರು ನಿಂತಿದ್ದರು. ವಿನ್ರಿ ಕವಚ ರಿಪೇರಿ ಮಾಡುವ ದೃಶ್ಯವನ್ನೇ ನಾವು ಮಾಡಿ ತೋರಿಸುತ್ತಿದ್ದೇವೆ ಅಂದುಕೊಂಡಿದ್ದರಂತೆ. ಆ ಫೋಟೋ ಈಗ ನನ್ನ ಹತ್ತಿರ ಇದೆ. ಮೂವರ ಮುಖಗಳು ಟಾರ್ಚಿನ ಬೆಳಕಲ್ಲಿ. ನಡುವೆ ನನ್ನ ಕೈ, ಸೂಜಿ. ಆ ದಿನದ ನೂರಾರು ಫೋಟೋಗಳಲ್ಲಿ ನನಗೆ ಬೇಕಾದದ್ದು ಅದೊಂದೇ.

ಗುಂಪು ಫೋಟೋದಲ್ಲಿ ಎಡ್‌ಗಳೇ ಒಂಬತ್ತು ಜನ! ಅಲ್ ನಮ್ಮವನೊಬ್ಬನೇ. ಒಂಬತ್ತು ಅಣ್ಣಂದಿರೂ ಅವನನ್ನು ಸುತ್ತುವರಿದರು.

ಭಾನುವಾರ ಬೆಳಗ್ಗೆ ಅವರೆಲ್ಲ ಮಲಗಿದ್ದಾಗ ನಾನೊಬ್ಬಳೇ ಕಾಸ್‌ಪ್ಲೇ ಇತಿಹಾಸದ ಒಂದು ಪ್ಯಾನೆಲ್‌ಗೆ ಹೋದೆ. ಪದ ಬಂದದ್ದು 1983ರಲ್ಲಿ, ಜಪಾನಿನ ನೊಬುಯುಕಿ ತಾಕಾಹಾಶಿ ಒಂದು ಅನಿಮೆ ಪತ್ರಿಕೆಗೆ ಬರೆದ ಲೇಖನದಲ್ಲಿ. ಕೆಲಸ ಅದಕ್ಕಿಂತ ಹಳೆಯದು. 1939ರಲ್ಲಿ ನ್ಯೂಯಾರ್ಕ್‌ನಲ್ಲಿ ಮೊದಲ ವಿಶ್ವ ವೈಜ್ಞಾನಿಕ ಕಥಾ ಸಮ್ಮೇಳನ ನಡೆದಾಗ ಫಾರೆಸ್ಟ್ ಆಕರ್‌ಮನ್, ಮರ್ಟಲ್ ಡಗ್ಲಸ್ ಅನ್ನುವ ಇಬ್ಬರು ಅಭಿಮಾನಿಗಳು ಭವಿಷ್ಯದ ಕಾಲದ ಬಟ್ಟೆ ಹಾಕಿಕೊಂಡು ಬಂದಿದ್ದರು. ಮುಂದಿನ ವರ್ಷ ಷಿಕಾಗೋದಲ್ಲಿ ಇನ್ನೂ ಜಾಸ್ತಿ ಜನ ವೇಷದಲ್ಲಿ ಬಂದರು. ಮೊದಲಿಗ ಅಂತ ಎಲ್ಲರ ಬಾಯಲ್ಲೂ ಆಕರ್‌ಮನ್ ಹೆಸರು ಬರುತ್ತದೆ. ಆದರೆ ಆ ಎರಡೂ ಬಟ್ಟೆಗಳನ್ನು ಯೋಚಿಸಿ ಹೊಲಿದವಳು ಮರ್ಟಲ್. ಪರದೆಯ ಮೇಲೆ ಅವಳ ಕಪ್ಪು ಬಿಳುಪು ಚಿತ್ರ ಬಂದಾಗ ನಾನು ಮುಂದಿನ ಸಾಲಿಗೆ ಎದ್ದು ಹೋಗಿ ಕೂತೆ. ಅವಳ ಕೈ ಕಾಣುತ್ತದಾ ಅಂತ ನೋಡಬೇಕಿತ್ತು.

ಭಾನುವಾರ ಬೇಗ ಕಳೆಯಿತು. ಆರ್ಟಿಸ್ಟ್ ಆ್ಯಲಿಯಲ್ಲಿ ಮೂರು ಸುತ್ತು. ಚಿತ್ರ ಬರೆದವರೇ ಮೇಜಿನ ಹಿಂದೆ ಕೂತು ಮಾರುವ ಆ ಸಾಲು ನನಗೆ ಹಾಲಿನ ಬೇರೆ ಎಲ್ಲ ಮಳಿಗೆಗಳಿಗಿಂತ ಇಷ್ಟ. ಡೆಂಟಲ್ ಫ್ಲಾಸಿನ ಹೊಲಿಗೆ ಸಂಜೆಯವರೆಗೂ ಹಿಡಿಯಿತು.

ರಾತ್ರಿ ರೂಮಿನಲ್ಲಿ ಕವಚ ಬಿಚ್ಚಿದೆವು. ಅಲ್‌ನ ಭುಜದ ಮೇಲೆ ಪಟ್ಟಿಯ ಕೆಂಪು ಗೆರೆಗಳು. ಅವನು ಗೋಡೆಗೆ ಒರಗಿ ಕಣ್ಣು ಮುಚ್ಚಿದ. ಬೆನ್ನಿನ ಭಾಗವನ್ನು ಪೆಟ್ಟಿಗೆಗೆ ಇಡಲು ತಿರುಗಿಸಿದಾಗ ನೋಡಿದೆ. ಗುರುತಿನ ಒಂದು ಅಂಚು ಹೋಗಿತ್ತು. ಒಳಗಡೆ ಪ್ರೈಮರ್ ಹಚ್ಚಿರಲಿಲ್ಲವಲ್ಲ, ಎರಡು ದಿನದ ಬೆವರಿಗೂ ಬಗ್ಗಿ ಎದ್ದದ್ದಕ್ಕೂ ಬಣ್ಣ ಬಿರುಕು ಬಿಟ್ಟು ಉದುರಿತ್ತು. ವೃತ್ತ ಒಂದು ಕಡೆ ಬಾಯಿ ತೆರೆದುಕೊಂಡಿತ್ತು.

"ಎಡ್, ಇಲ್ಲಿ ಬಾ" ಅಂದೆ.

ಅವಳು ಅರ್ಧ ಬಿಚ್ಚಿದ ಜಡೆಯಲ್ಲೇ ಬಂದು ನೆಲದ ಮೇಲೆ ಕೂತು, ಕವಚವನ್ನು ತೊಡೆಯ ಮೇಲೆ ಎಳೆದುಕೊಂಡಳು. ತಲೆ ಎತ್ತದೆ ಕೈ ಚಾಚಿದಳು. ನಾನು ಬ್ಯಾಗಿನ ತಳದಿಂದ ಕೆಂಪು ಬಣ್ಣದ ಡಬ್ಬಿ ಹುಡುಕಿ, ಮುಚ್ಚಳ ತೆಗೆದು, ಅವಳ ಅಂಗೈಯಲ್ಲಿಟ್ಟೆ.